ಗೋಡೆಯ ಚಾರ್ಟ್‌ನಲ್ಲಿ ಇಲ್ಲದ ಪ್ರಶ್ನೆಗಳು: ಗರ್ಭನಿರೋಧಕ ಆರಿಸುವಾಗ ಹೆಂಗಸರು ನೋಡುವುದೇನು?

ಸ್ತ್ರೀರೋಗ ತಜ್ಞರ ಕೋಣೆಯ ಹೊರಗೆ ಸಾಮಾನ್ಯವಾಗಿ ಒಂದು ಚಾರ್ಟ್ ಅಂಟಿಸಿರುತ್ತಾರೆ. ಎಲ್ಲ ಗರ್ಭನಿರೋಧಕಗಳ ಚಿತ್ರ, ಮೇಲಿಂದ ಕೆಳಕ್ಕೆ ಸಾಲಾಗಿ. ತುದಿಯಲ್ಲಿ ತೋಳಿನ ಕಡ್ಡಿ (ತೋಳಿನ ಚರ್ಮದ ಕೆಳಗೆ ಇಡುವ ಹಾರ್ಮೋನ್ ಕಡ್ಡಿ), ಕಾಪರ್ ಟಿ, ಆಪರೇಷನ್. ನಡುವೆ ಇಂಜೆಕ್ಷನ್ ಮತ್ತು ಮಾತ್ರೆ. ಕೆಳಗೆ ಕಾಂಡೋಮ್, ದಿನ ಲೆಕ್ಕ ಹಾಕುವುದು. ಮೇಲಿದ್ದಷ್ಟೂ ಗ್ಯಾರಂಟಿ ಜಾಸ್ತಿ, ಕೆಳಗಿಳಿದಷ್ಟೂ ಕಮ್ಮಿ. ನೋಡಿದರೆ ಲೆಕ್ಕ ಬಹಳ ಸುಲಭ ಅನ್ನಿಸುತ್ತದೆ. ಮೇಲಿನದನ್ನು ಆರಿಸಿದರೆ ಮುಗಿಯಿತು, ಅಲ್ವಾ?

ಒಮ್ಮೆ ಗೆಳತಿಯ ಜೊತೆಗೆ ಹೋಗಿ ಅಂಥ ಚಾರ್ಟಿನ ಎದುರು ಮುಕ್ಕಾಲು ಗಂಟೆ ಕೂತಿದ್ದೆ. ಅವಳಿಗೆ 33 ವರ್ಷ, ಇಬ್ಬರು ಮಕ್ಕಳು, ಇನ್ನು ಸಾಕು ಎಂಬ ತೀರ್ಮಾನ ಮುಕ್ಕಾಲು ಪಾಲು ಆಗಿತ್ತು. ಚಾರ್ಟನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದಳು. "ಇದೆಲ್ಲ ಸರಿ ಕಣೇ. ಯಾವುದು ಹಾಕಿಸಿಕೊಂಡರೆ ಮುಟ್ಟು ಹೇಗೆ ಬರುತ್ತೆ ಅಂತ ಎಲ್ಲೂ ಬರೆದೇ ಇಲ್ವಲ್ಲ?"

ನಿಜ, ಬರೆದಿರಲಿಲ್ಲ. ನೋವಾಗುತ್ತದಾ ಅಂತಲೂ ಇರಲಿಲ್ಲ. ಬೇಡ ಅನ್ನಿಸಿದರೆ ನಾನೇ ನಿಲ್ಲಿಸಬಹುದಾ, ಇನ್ನೊಬ್ಬರ ಹತ್ತಿರ ಹೋಗಿ ಕೇಳಬೇಕಾ ಅಂತಲೂ ಇರಲಿಲ್ಲ. ಚಾರ್ಟ್ ಉತ್ತರ ಕೊಡುತ್ತಿದ್ದುದು ಒಂದೇ ಪ್ರಶ್ನೆಗೆ: ಬಸಿರಾಗದಂತೆ ಯಾವುದು ಎಷ್ಟು ಚೆನ್ನಾಗಿ ತಡೆಯುತ್ತದೆ?

ಅದು ಸಣ್ಣ ಪ್ರಶ್ನೆ ಅಂತ ನಾನು ಹೇಳುತ್ತಿಲ್ಲ. ಹೆಂಗಸರೂ ಅದನ್ನೇ ಮೊದಲು ಕೇಳುತ್ತಾರೆ. ಅಮೆರಿಕದ ಸಂಶೋಧಕರು 574 ಹೆಂಗಸರನ್ನು ಮಾತಾಡಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗರ್ಭನಿರೋಧಕದಲ್ಲಿ ನಿಮಗೆ ಅತಿ ಮುಖ್ಯವಾದದ್ದು ಏನು ಎಂದು ಕೇಳಿದ್ದರು. ಚೆನ್ನಾಗಿ ಕೆಲಸ ಮಾಡಬೇಕು ಅಂದವರು ನೂರಕ್ಕೆ 84. ಅಡ್ಡಪರಿಣಾಮ ಇರಬಾರದು ಅಂದವರು 78. ಕೈಗೆಟುಕುವ ಬೆಲೆಯಲ್ಲಿ ಸಿಗಬೇಕು ಅಂದವರು 76. ಆಮೇಲೆ ಸಂಶೋಧಕರು ಇನ್ನೊಂದು ಕೆಲಸ ಮಾಡಿದರು. ಒಬ್ಬೊಬ್ಬಳ ಪಟ್ಟಿಯನ್ನೂ ಆಗ ಸಿಗುತ್ತಿದ್ದ ವಿಧಾನಗಳ ಪಕ್ಕ ಇಟ್ಟು ನೋಡಿದರು. ನೂರಕ್ಕೆ 91 ಮಂದಿಗೆ, ಅವರು ಅತಿ ಮುಖ್ಯ ಅಂದದ್ದೆಲ್ಲ ಇರುವ ವಿಧಾನ ಒಂದೂ ಇರಲಿಲ್ಲ.

ಆ 91ರ ಹತ್ತಿರ ಸ್ವಲ್ಪ ನಿಲ್ಲಬೇಕು. ಬಹುತೇಕ ಹೆಂಗಸರು ತಮಗೆ ಬೇಕಾದದ್ದನ್ನು ಆರಿಸುತ್ತಿಲ್ಲ. ಯಾವ ತೊಂದರೆಯನ್ನು ಸಹಿಸಿಕೊಳ್ಳಬಹುದು ಅನ್ನುವುದನ್ನು ಆರಿಸುತ್ತಿದ್ದಾರೆ. ಒಬ್ಬಳಿಗೆ ಸಹಿಸಲು ಸುಲಭವಾದದ್ದು ಇನ್ನೊಬ್ಬಳಿಗೆ ಆಗುವುದೇ ಇಲ್ಲ. ಹಾಗಾಗಿ "ಎಲ್ಲಕ್ಕಿಂತ ಒಳ್ಳೆಯದು ಯಾವುದು" ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡಲಾರರು.

ಎರಡೆರಡು ಅಂಕಿ ಯಾಕೆ?

ಮೊದಲು ಆ ಚಾರ್ಟಿನ ಲೆಕ್ಕವನ್ನೇ ನೋಡೋಣ. ಯಾವುದೇ ಗರ್ಭನಿರೋಧಕಕ್ಕೆ ಎರಡು ಅಂಕಿ ಇರುತ್ತವೆ. ಒಂದು, ಸ್ವಲ್ಪವೂ ತಪ್ಪದಂತೆ ಬಳಸಿದಾಗಿನದು. ಇನ್ನೊಂದು, ಜನ ನಿಜವಾಗಿ ಬಳಸುವ ಹಾಗೆ ಬಳಸಿದಾಗಿನದು. ಮಾತ್ರೆಯನ್ನು ಒಂದು ದಿನವೂ ಬಿಡದೆ ತೆಗೆದುಕೊಂಡರೆ, ವರ್ಷದಲ್ಲಿ ಸಾವಿರ ಹೆಂಗಸರಲ್ಲಿ ಸುಮಾರು 3 ಮಂದಿ ಬಸಿರಾಗುತ್ತಾರೆ. ದಿನನಿತ್ಯದ ಬದುಕಿನಲ್ಲಿ ಅದೇ ಮಾತ್ರೆಗೆ ನೂರರಲ್ಲಿ 7 ಮಂದಿ. ಕಾಂಡೋಮ್‌ಗೆ ಈ ಅಂಕಿಗಳು ನೂರಕ್ಕೆ 2 ಮತ್ತು 13. ವೀರ್ಯವನ್ನು ಹೊರಗೆ ಬಿಡುವ ಉಪಾಯಕ್ಕೆ 4 ಮತ್ತು 20. ಏನೂ ಬಳಸದಿದ್ದರೆ ನೂರರಲ್ಲಿ 85. ಇವೆಲ್ಲ ಅಮೆರಿಕದ ಲೆಕ್ಕ. ಬೇರೆ ಕಡೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ನಡುವಿನ ಅಂತರ ಮಾತ್ರ ಎಲ್ಲ ಕಡೆ ಇದ್ದೇ ಇರುತ್ತದೆ.

ತೋಳಿನ ಕಡ್ಡಿ ಮತ್ತು ಕಾಪರ್ ಟಿಯಂಥ, ಗರ್ಭಕೋಶದೊಳಗೆ ಇಡುವ ಸಾಧನಗಳಿಗೆ ಎರಡು ಅಂಕಿಗಳೂ ಹೆಚ್ಚುಕಮ್ಮಿ ಒಂದೇ, ನೂರಕ್ಕೆ ಒಂದಕ್ಕಿಂತ ಕಮ್ಮಿ. ಒಮ್ಮೆ ಹಾಕಿಸಿಕೊಂಡ ಮೇಲೆ ಅಲ್ಲಿ ನೆನಪಿಟ್ಟುಕೊಳ್ಳಲು ಏನೂ ಇಲ್ಲ. ಮಾತ್ರೆಯ ವಿಷಯ ಹಾಗಲ್ಲ. ವಾಂತಿಯಾದ ದಿನ, ಪ್ರಯಾಣದ ದಿನ, ಮಗುವಿಗೆ ಜ್ವರ ಬಂದ ರಾತ್ರಿ, ಮಾತ್ರೆಯ ಸ್ಟ್ರಿಪ್ ಖಾಲಿಯಾಗಿದೆ ಅಂತ ಗೊತ್ತಾದ ಭಾನುವಾರ, ಎಲ್ಲವನ್ನೂ ದಾಟಿ ನೆನಪಿರಬೇಕು. ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಅಲಾರಂ ಸರಿಯಾಗಿಯೇ ಹೊಡೆಯುತ್ತಿತ್ತು. ಆದರೆ ಅದು ಹೊಡೆದಾಗ ಮಾತ್ರೆ ಇರುವ ಕೋಣೆಯಲ್ಲಿ ನಾನಿರುತ್ತಿರಲಿಲ್ಲ. "ಆಮೇಲೆ ತಗೊಂಡರಾಯ್ತು" ಅಂತ ಆಫ್ ಮಾಡುತ್ತಿದ್ದೆ. ನೂರಕ್ಕೆ 7 ಹುಟ್ಟುವುದು ಇಂಥ ಕಡೆಗಳಲ್ಲೇ.

ಮಾತ್ರೆ ಮರೆಯುವುದರಲ್ಲೂ ವ್ಯತ್ಯಾಸ ಇದೆ. ಎರಡು ಹಾರ್ಮೋನ್ (ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್) ಇರುವ ಸಾಮಾನ್ಯ ಮಾತ್ರೆಯಲ್ಲಿ ನಡುವಿನ ಒಂದು ಮಾತ್ರೆ ತಪ್ಪಿದರೆ ಗಾಬರಿ ಬೇಡ. ನೆನಪಾದ ಕೂಡಲೇ ತೆಗೆದುಕೊಂಡು ಮುಂದುವರಿಯಬಹುದು. ನಿಜವಾದ ಅಪಾಯ ಸ್ಟ್ರಿಪ್‌ನ ಶುರು ಮತ್ತು ಕೊನೆಯಲ್ಲಿ. ಅಲ್ಲಿ ಮೊದಲೇ ಏಳು ದಿನ ಹಾರ್ಮೋನ್ ಇಲ್ಲದ ಬಿಡುವು ಇರುತ್ತದೆ. ಅದಕ್ಕೆ ಮರೆತ ದಿನಗಳೂ ಸೇರಿದರೆ ಬಿಡುವು ಉದ್ದವಾಗುತ್ತದೆ, ಅಂಡಾಶಯ ಎಚ್ಚರವಾಗುತ್ತದೆ. ಪ್ರೊಜೆಸ್ಟಿನ್ ಒಂದೇ ಇರುವ ಹಳೆಯ ಬಗೆಯ ಮಾತ್ರೆ ಇನ್ನೂ ಕಟ್ಟುನಿಟ್ಟು, ಮೂರು ಗಂಟೆ ತಡವಾದರೂ ತಪ್ಪಿದ ಹಾಗೇ ಲೆಕ್ಕ. ಹಗಲು ರಾತ್ರಿ ಪಾಳಿ ಬದಲಾಗುವ ನರ್ಸ್ ಒಬ್ಬಳಿಗೆ ಈ ಒಂದು ವಿಷಯವೇ ಇಡೀ ಚಾರ್ಟಿಗಿಂತ ದೊಡ್ಡದು.

ಮುಟ್ಟಿನ ಪ್ರಶ್ನೆ

ಈಗ ಗೆಳತಿಯ ಪ್ರಶ್ನೆಗೆ ಬರೋಣ. ಸಾಧನ ತೆಗೆಸುವವರು, ಇಂಜೆಕ್ಷನ್ ಬಿಡುವವರು ಕೊಡುವ ಕಾರಣಗಳಲ್ಲಿ ಮುಟ್ಟಿನ ಏರುಪೇರು ಯಾವಾಗಲೂ ಮುಂದಿರುತ್ತದೆ. ಡಾಕ್ಟರ ಭಾಷೆಯಲ್ಲಿ ಅದು "ಚಿಕ್ಕ ಅಡ್ಡಪರಿಣಾಮ". ಜೀವಕ್ಕೆ ಅಪಾಯ ಇಲ್ಲ ಅನ್ನುವ ಅರ್ಥದಲ್ಲಿ ಆ ಮಾತು ಸರಿಯೇ. ಆದರೆ ತಿಂಗಳಲ್ಲಿ ಹದಿನೆಂಟು ದಿನ ಬಟ್ಟೆಗೆ ಕಲೆ ಆಗಿದೆಯಾ ಅಂತ ಹಿಂದೆ ತಿರುಗಿ ನೋಡಿಕೊಳ್ಳುವವಳಿಗೆ ಅದು ಚಿಕ್ಕದಲ್ಲ.

ಒಂದೊಂದು ವಿಧಾನ ಮುಟ್ಟನ್ನು ಒಂದೊಂದು ದಿಕ್ಕಿಗೆ ತಳ್ಳುತ್ತದೆ. ಕಾಪರ್ ಟಿಯಲ್ಲಿ ಹಾರ್ಮೋನ್ ಇಲ್ಲ. ತಾಮ್ರದಿಂದ ಬಿಡುಗಡೆಯಾಗುವ ಅಯಾನುಗಳು ವೀರ್ಯಾಣುಗಳನ್ನು ನಿಷ್ಕ್ರಿಯ ಮಾಡುತ್ತವೆ, ಅಷ್ಟೇ. ಮುಟ್ಟು ತನ್ನ ತಿಂಗಳಿಗೆ ತಾನು ಬರುತ್ತದೆ, ಆದರೆ ಜಾಸ್ತಿ ಹೋಗುತ್ತದೆ, ಹೊಟ್ಟೆನೋವೂ ಜಾಸ್ತಿ. ಮೊದಲ ಮೂರರಿಂದ ಆರು ತಿಂಗಳು ಇದು ಹೆಚ್ಚು, ಆಮೇಲೆ ಹಲವರಿಗೆ ಇಳಿಯುತ್ತದೆ. ಮೊದಲಿಂದಲೂ ಜಾಸ್ತಿ ಹೋಗುವವರಿಗೆ, ರಕ್ತಹೀನತೆ ಇರುವವರಿಗೆ ಇದು ಹೊಂದುವುದು ಕಷ್ಟ. ಆಕಾರದಲ್ಲಿ ಅದರ ಹಾಗೆಯೇ ಇದ್ದು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಬಿಡುವ ಸಾಧನದ್ದು ತದ್ವಿರುದ್ಧ ಕತೆ. ಮೊದಲ ಕೆಲವು ತಿಂಗಳು ಆಗಾಗ ಒಂದಿಷ್ಟು ಕಲೆ. ಆಮೇಲೆ ಮುಟ್ಟು ತೀರಾ ಕಮ್ಮಿಯಾಗುತ್ತದೆ. ವರ್ಷದ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬರಿಗೆ ನಿಂತೇ ಹೋಗುತ್ತದೆ. ಜಾಸ್ತಿ ಮುಟ್ಟಿಗೆ ಚಿಕಿತ್ಸೆಯಾಗಿಯೂ ಇದನ್ನು ಹಾಕುತ್ತಾರೆ.

ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್‌ನಲ್ಲಿ ಶುರುವಿಗೆ ಯಾವಾಗ ಬರುತ್ತದೋ ಹೇಳಲಾಗದು, ವರ್ಷದ ನಂತರ ಸುಮಾರು ಅರ್ಧದಷ್ಟು ಹೆಂಗಸರಿಗೆ ಬರುವುದೇ ಇಲ್ಲ. ತೋಳಿನ ಕಡ್ಡಿಯದ್ದು ಎಲ್ಲಕ್ಕಿಂತ ಹಠಮಾರಿ ಸ್ವಭಾವ. ನಾಲ್ಕು ಸೆಂಟಿಮೀಟರ್ ಉದ್ದ, ಬೆಂಕಿಕಡ್ಡಿಯಷ್ಟು ದಪ್ಪದ ಆ ಕಡ್ಡಿ ಬಸಿರು ತಡೆಯುವುದರಲ್ಲಿ ಎಲ್ಲಕ್ಕಿಂತ ಮುಂದೆ. ಮುಟ್ಟು ಮಾತ್ರ ಒಬ್ಬಳಿಗೆ ನಿಲ್ಲುತ್ತದೆ, ಇನ್ನೊಬ್ಬಳಿಗೆ ವಾರಗಟ್ಟಲೆ ಹನಿಯುತ್ತದೆ, ಮೂರನೆಯವಳಿಗೆ ಮೊದಲಿನಂತೆಯೇ ಬರುತ್ತದೆ. ಯಾರಿಗೆ ಏನಾಗುತ್ತದೆ ಅಂತ ಮುಂಚೆ ಹೇಳುವ ದಾರಿ ಇಲ್ಲ.

ಮುಟ್ಟು ನಿಂತರೆ ಖುಷಿಪಡುವವರೂ ಇದ್ದಾರೆ, ಹೆದರುವವರೂ ಇದ್ದಾರೆ. "ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತೆ" ಎಂಬ ಹೆದರಿಕೆ ಓದಿದವರಲ್ಲೂ ಇದೆ. ಒಳಗೆ ಏನೂ ಕಟ್ಟಿಕೊಳ್ಳುವುದಿಲ್ಲ. ಮುಟ್ಟಿನಲ್ಲಿ ಹೊರಗೆ ಬರುವುದು ಆ ತಿಂಗಳು ಗರ್ಭಕೋಶದ ಒಳಗೆ ಬೆಳೆದ ಪದರ. ಈ ಹಾರ್ಮೋನ್ ಆ ಪದರವನ್ನೇ ಬೆಳೆಯಲು ಬಿಡುವುದಿಲ್ಲ. ಕೆಡವಲು ಗೋಡೆಯೇ ಇಲ್ಲದ ಮೇಲೆ ಮಣ್ಣು ಎಲ್ಲಿಂದ ಬರಬೇಕು? ಇಷ್ಟು ಗೊತ್ತಾದ ಮೇಲೂ "ತಿಂಗಳಿಗೊಮ್ಮೆ ಆದರೆ ಬಸಿರಿಲ್ಲ ಅಂತ ಸಮಾಧಾನ" ಅನ್ನುವವರು ಇರುತ್ತಾರೆ. ಅದು ಅಜ್ಞಾನ ಅಲ್ಲ, ಅವರವರ ನೆಮ್ಮದಿ. ಅದಕ್ಕೂ ಪಟ್ಟಿಯಲ್ಲಿ ಜಾಗ ಇರಬೇಕು.

ಈ ನೆಮ್ಮದಿಯ ಲೆಕ್ಕದಲ್ಲೇ ಒಂದು ತಮಾಷೆ ಇದೆ. ಮಾತ್ರೆ ತೆಗೆದುಕೊಳ್ಳುವವರಿಗೆ ಬಿಡುವಿನ ವಾರದಲ್ಲಿ ಆಗುವುದು ನಿಜವಾದ ಮುಟ್ಟಲ್ಲ, ಹಾರ್ಮೋನ್ ಇಳಿದದ್ದಕ್ಕೆ ಬರುವ ರಕ್ತ. ಆ ಏಳು ದಿನದ ಬಿಡುವಿನಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಎಂದು ಬ್ರಿಟನ್ನಿನ ಲೈಂಗಿಕ ಮತ್ತು ಸಂತಾನ ಆರೋಗ್ಯ ತಜ್ಞರ ಸಂಸ್ಥೆ 2019ರಲ್ಲಿ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಮಾತ್ರೆ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಬೇಡದ ಒಂದು ವಾರದ ರಕ್ತ ಇಷ್ಟು ವರ್ಷ ನಡೆದುಕೊಂಡು ಬಂತು, ಬಿಡಿ.

ಹಾರ್ಮೋನ್ ಭಯ: ಎಷ್ಟು ನಿಜ, ಎಷ್ಟು ಗಾಳಿಮಾತು

"ಹಾರ್ಮೋನ್ ಬೇಡಪ್ಪ" ಎನ್ನುವ ಮಾತನ್ನು ಪ್ರತಿ ಎರಡನೆಯ ಹೆಂಗಸಿನ ಬಾಯಲ್ಲಿ ಕೇಳುತ್ತೇನೆ. ಅದರಲ್ಲಿ ಗಾಳಿಮಾತೂ ಇದೆ, ನಿಜವೂ ಇದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿದ್ದೇ ತಪ್ಪು.

ನಿಜದಿಂದ ಶುರು ಮಾಡುತ್ತೇನೆ. ಈಸ್ಟ್ರೋಜನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಮಾತ್ರೆ ತೆಗೆದುಕೊಳ್ಳದ, ಬಸಿರಿಲ್ಲದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾಗುತ್ತದೆ. ಮಾತ್ರೆ ತೆಗೆದುಕೊಳ್ಳುವವರಲ್ಲಿ 3ರಿಂದ 9. ಬಸಿರಿನಲ್ಲಿ 5ರಿಂದ 20. ಹೆರಿಗೆಯಾದ ಮೊದಲ ವಾರಗಳಲ್ಲಿ 40ರಿಂದ 65. ಅಂದರೆ ಮಾತ್ರೆಯ ಅಪಾಯ ಸುಳ್ಳಲ್ಲ, ಆದರೆ ಅದು ತಡೆಯುವ ಬಸಿರಿನ ಅಪಾಯ ಅದಕ್ಕಿಂತ ದೊಡ್ಡದು.

ಆದರೆ ಈ ಸರಾಸರಿ ಎಲ್ಲರಿಗೂ ಹೊಂದುವುದಿಲ್ಲ. ಕೆಲವರು ಈಸ್ಟ್ರೋಜನ್ ಮಾತ್ರೆ ಮುಟ್ಟಲೇಬಾರದು. ಮೊದಲು ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಬಿಪಿ ತೀರಾ ಜಾಸ್ತಿ ಇರುವವರು, 35 ದಾಟಿ ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವವರು, ಹೆರಿಗೆಯಾಗಿ ಆರು ವಾರ ಆಗದ, ಹಾಲುಣಿಸುವ ತಾಯಂದಿರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುವವರಿಗೆ ಮಾತ್ರೆಯ ಶಕ್ತಿಯೇ ಕುಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1996ರಿಂದ ಇದಕ್ಕೆಂದೇ ಒಂದು ಪಟ್ಟಿ ಇಟ್ಟಿದೆ. ಯಾವ ಕಾಯಿಲೆ ಇರುವವರಿಗೆ ಯಾವ ವಿಧಾನ ಆದೀತು ಅಂತ ಒಂದರಿಂದ ನಾಲ್ಕರವರೆಗೆ ಅಂಕ ಕೊಡುತ್ತದೆ. ಒಂದು ಅಂದರೆ ಧಾರಾಳವಾಗಿ ಬಳಸಿ, ನಾಲ್ಕು ಅಂದರೆ ಬೇಡವೇ ಬೇಡ.

ಗೆಳತಿಯನ್ನು ಒಳಗೆ ಕರೆದಾಗ ಡಾಕ್ಟರು ಬಿಪಿ ನೋಡಿದರು, ಆಮೇಲೆ ಕೇಳಿದರು. "ತಲೆನೋವು ಬರುತ್ತಾ?"

"ಬರುತ್ತೆ ಮೇಡಂ. ಮೈಗ್ರೇನ್. ಹಳೇದು, ಅದೇನಿಲ್ಲ."

"ಬರೋ ಮುಂಚೆ ಕಣ್ಣ ಮುಂದೆ ಏನಾದರೂ ಕಾಣುತ್ತಾ?"

ಅವಳು ಸುಮ್ಮನಾದಳು. ಆಮೇಲೆ ಗಾಳಿಯಲ್ಲಿ ಬೆರಳಿನಿಂದ ಅಂಕುಡೊಂಕು ಗೆರೆ ಎಳೆದು ತೋರಿಸಿದಳು. ಮಿನುಗುವ ಗೆರೆ, ಇಪ್ಪತ್ತು ನಿಮಿಷ ಇದ್ದು ಹೋಗುತ್ತದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಹಾಗಾದರೆ ಈಸ್ಟ್ರೋಜನ್ ಇರೋ ಮಾತ್ರೆ ನಿಮಗೆ ಬೇಡ" ಅಂದರು. ಅಂಥ ಮೈಗ್ರೇನ್ ಇರುವವರಿಗೆ ಆ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಆ ಪಟ್ಟಿಯಲ್ಲಿ ಅದಕ್ಕೆ ನಾಲ್ಕನೆಯ ಅಂಕ. ಅವಳು ಹಿಂದೆ ಎರಡು ವರ್ಷ ಅದೇ ಮಾತ್ರೆ ತೆಗೆದುಕೊಂಡಿದ್ದಳು. ಆಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಮನಸ್ಸಿನ ವಿಷಯ ಇಷ್ಟು ಸ್ಪಷ್ಟ ಇಲ್ಲ. ಡೆನ್ಮಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ಹಿಡಿದು ಮಾಡಿದ ಅಧ್ಯಯನ 2016ರಲ್ಲಿ ಬಂತು. ಹಾರ್ಮೋನ್ ಬಳಸುವವರಿಗೆ ಖಿನ್ನತೆಯ ಔಷಧಿ ಬರೆದುಕೊಡುವುದು ಹೆಚ್ಚಾಗಿ ಕಂಡಿತು. ಎರಡು ಹಾರ್ಮೋನ್‌ನ ಮಾತ್ರೆ ತೆಗೆದುಕೊಳ್ಳುವ ಹದಿಹರೆಯದ ಹುಡುಗಿಯರಲ್ಲಂತೂ ಸುಮಾರು 1.8 ಪಟ್ಟು. ಇದರಿಂದ ಮಾತ್ರೆಯೇ ಕಾರಣ ಅಂತ ಸಾಬೀತಾಗುವುದಿಲ್ಲ, ಹದಿಹರೆಯದಲ್ಲಿ ಮನಸ್ಸು ಕೆಡಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ಬಹುಪಾಲು ಹೆಂಗಸರಿಗೆ ಹೀಗಾಗುವುದೂ ಇಲ್ಲ. ಆದರೆ ಮಾತ್ರೆ ಶುರು ಮಾಡಿದ ಮೇಲೆ ಯಾಕೋ ಸುಮ್ನೆ ಅಳು ಬರುತ್ತದೆ ಎಂದು ಒಬ್ಬಳು ಹೇಳಿದರೆ, "ಅದೆಲ್ಲ ನಿಮ್ಮ ಕಲ್ಪನೆ" ಅನ್ನುವ ಕಾಲ ಮುಗಿಯಬೇಕು.

ಹಾಗನ್ನುವ ರೂಢಿ ಹಳೆಯದು. 1956ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಮೊದಲ ಮಾತ್ರೆಯ ದೊಡ್ಡ ಪ್ರಯೋಗ ನಡೆಯಿತು. ಅಲ್ಲಿ ಪ್ರಯೋಗ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಎಡ್ರಿಸ್ ರೈಸ್-ರೇ, ಮಾತ್ರೆ ಬಸಿರನ್ನು ಪೂರ್ತಿ ತಡೆಯುತ್ತದೆ, ಆದರೆ ನೂರಕ್ಕೆ 17 ಮಂದಿಗೆ ತಲೆಸುತ್ತು, ವಾಕರಿಕೆ, ತಲೆನೋವಿನಂಥ ತೊಂದರೆ ಇದೆ, ಇಷ್ಟು ತೊಂದರೆ ಕೊಡುವ ಔಷಧಿಯನ್ನು ಎಲ್ಲರಿಗೂ ಒಪ್ಪಿಸಲಾಗದು ಎಂದು ವರದಿ ಕೊಟ್ಟರು. ಮಾತ್ರೆಯ ಹಿಂದಿದ್ದ ವಿಜ್ಞಾನಿ ಗ್ರೆಗರಿ ಪಿಂಕಸ್ ಅದನ್ನು ಬಹುಮಟ್ಟಿಗೆ ಮನಸ್ಸಿನ ಆಟ ಎಂದು ತಳ್ಳಿಹಾಕಿದರು. ಆಗಿನ ಮಾತ್ರೆಯಲ್ಲಿ ಈಸ್ಟ್ರೋಜನ್ 150 ಮೈಕ್ರೋಗ್ರಾಂ ಇತ್ತು. ಈಗಿನ ಹೆಚ್ಚಿನ ಮಾತ್ರೆಗಳಲ್ಲಿ 35 ಅಥವಾ ಅದಕ್ಕೂ ಕಮ್ಮಿ. ತೊಂದರೆ ಇತ್ತು ಅನ್ನುವುದಕ್ಕೆ ಇಳಿದ ಆ ಅಂಕಿಯೇ ಸಾಕ್ಷಿ. 1970ರಲ್ಲಿ ಅಮೆರಿಕದ ಸೆನೆಟ್ ಮಾತ್ರೆಯ ಸುರಕ್ಷತೆ ಬಗ್ಗೆ ವಿಚಾರಣೆ ನಡೆಸಿತು. ಮಾತ್ರೆ ನುಂಗುವ ಹೆಂಗಸರನ್ನು ಸಾಕ್ಷಿ ಹೇಳಲು ಕರೆದಿರಲಿಲ್ಲ. ಹಿಂದೆ ಕೂತಿದ್ದ ಹೆಂಗಸರು ಎದ್ದು ನಿಂತು ಪ್ರಶ್ನೆ ಕೂಗಿದರು. ಮಾತ್ರೆಯ ಡಬ್ಬಿಯೊಳಗೆ ಅಪಾಯಗಳನ್ನು ತಿಳಿಸುವ ಚೀಟಿ ಇಡಬೇಕು ಎಂಬ ನಿಯಮ ಬಂದದ್ದು ಆ ಗಲಾಟೆಯ ನಂತರ.

ಗಾಳಿಮಾತಿಗೆ ಬಂದರೆ, ಮಾತ್ರೆ ತೆಗೆದುಕೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲ ಎನ್ನುವುದು ಮೊದಲನೆಯದು. ಅದು ಸುಳ್ಳು. ಮಾತ್ರೆ, ಕಡ್ಡಿ, ಕಾಪರ್ ಟಿ ಯಾವುದನ್ನು ಬಿಟ್ಟರೂ ಬಸಿರಾಗುವ ಶಕ್ತಿ ಬೇಗ ಮರಳುತ್ತದೆ. ಇಂಜೆಕ್ಷನ್ ಮಾತ್ರ ಬೇರೆ. ಕೊನೆಯ ಇಂಜೆಕ್ಷನ್ ಆದ ಮೇಲೆ ಬಸಿರಾಗಲು ಹತ್ತು ತಿಂಗಳೋ ಇನ್ನೂ ಜಾಸ್ತಿಯೋ ಹಿಡಿಯಬಹುದು. ಮುಂದಿನ ವರ್ಷವೇ ಮಗು ಬೇಕು ಅನ್ನುವವಳಿಗೆ ಇದನ್ನು ಹೇಳದೆ ಇಂಜೆಕ್ಷನ್ ಕೊಟ್ಟರೆ ಆ ಗಾಳಿಮಾತಿಗೆ ನಾವೇ ಕಾಲು ಕೊಟ್ಟ ಹಾಗೆ. ತುರ್ತು ಮಾತ್ರೆ ಗರ್ಭಪಾತ ಮಾಡಿಸುತ್ತದೆ ಎನ್ನುವುದೂ ಸುಳ್ಳು. ಅದು ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ಆಗಲೇ ಆಗಿರುವ ಬಸಿರನ್ನು ಏನೂ ಮಾಡಲಾರದು.

"ಸ್ವಲ್ಪ ಚುರ್ ಅನ್ನುತ್ತೆ, ಅಷ್ಟೇ"

ಗರ್ಭಕೋಶದ ಸಾಧನ ಹಾಕಿಸಿಕೊಳ್ಳುವಾಗ ನನಗೆ ಹೇಳಿದ್ದು ಇದೇ ಮಾತು. ಮೇಜಿನ ಮೇಲೆ ಮಲಗಿದ್ದೆ, ನರ್ಸ್ ಕೈ ಹಿಡಿದುಕೊಂಡಿದ್ದಳು. ಗರ್ಭಕೋಶದ ಬಾಯಿಯನ್ನು ಇಕ್ಕಳದಲ್ಲಿ ಹಿಡಿದದ್ದು, ಆಳ ಅಳೆಯಲು ಕಡ್ಡಿ ಒಳಹೋದದ್ದು, ಆಮೇಲೆ ಸಾಧನ, ಮೂರಕ್ಕೂ ಬೇರೆ ಬೇರೆ ನೋವು. ಚುರ್ ಅನ್ನುವ ಶಬ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಐದು ನಿಮಿಷದ ಕೆಲಸ, ನಿಜ. ನಾನು ಎದ್ದು ಕೂರಲು ಅರ್ಧ ಗಂಟೆ ಆಯಿತು. ನನ್ನ ಜೊತೆಯವಳಿಗೆ ಇದೇ ಸಾಧನ, ಗೊತ್ತೇ ಆಗಲಿಲ್ಲವಂತೆ. ಅವಳಿಗೆ ಸಹಜ ಹೆರಿಗೆಯಾಗಿತ್ತು, ನನಗೆ ಆಗಿರಲಿಲ್ಲ. ಹೆರಿಗೆಯಾಗದವರಿಗೆ ನೋವು ಹೆಚ್ಚು ಎನ್ನುವುದು ಡಾಕ್ಟರುಗಳಿಗೆ ಗೊತ್ತಿರುವ ವಿಷಯವೇ.

ನನ್ನ ಸಿಟ್ಟು ನೋವಿನ ಮೇಲಲ್ಲ, ಹೇಳದೇ ಇದ್ದದ್ದರ ಮೇಲೆ. ಜಾಗ ಮರಗಟ್ಟಿಸುವ ಲಿಡೋಕೇನ್ ಔಷಧಿಯಿಂದ ನೋವು ಕಮ್ಮಿ ಮಾಡಬಹುದು, ನೋವಿನ ಬಗ್ಗೆ ಮೊದಲೇ ಕೂತು ಮಾತಾಡಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಮಾರ್ಗಸೂಚಿಯಲ್ಲಿ ಬರೆದಿದೆ. ಹಾಗಾಗಿ ನೀವು ಹೋದಾಗ ಕೇಳಿ. ಹಲ್ಲು ಕೀಳಿಸಲು ಹೋದರೆ ಮರಗಟ್ಟಿಸುವ ಇಂಜೆಕ್ಷನ್ ಕೊಡಿ ಅಂತ ಕೇಳಲು ನಮಗೆ ನಾಚಿಕೆಯಾಗುವುದಿಲ್ಲ, ಅಲ್ವಾ?

ಯಾರಿಗೆ ಗೊತ್ತಾಗಬೇಕು, ಯಾರ ಕೈಯಲ್ಲಿರಬೇಕು

ಇನ್ನೊಂದು ವಿಷಯವನ್ನು ಹೆಂಗಸರು ಡಾಕ್ಟರ ಹತ್ತಿರ ಜೋರಾಗಿ ಹೇಳುವುದೇ ಇಲ್ಲ: ಮನೆಯಲ್ಲಿ ಗೊತ್ತಾಗಬಾರದು. ಗಂಡ ಒಪ್ಪದ ಮನೆ ಇರಬಹುದು, ಮಾತ್ರೆ ಎತ್ತಿ ಎಸೆಯುವ ಮನೆ ಇರಬಹುದು. ಅಲ್ಲಿ ಮಾತ್ರೆಯ ಸ್ಟ್ರಿಪ್ ಬಚ್ಚಿಡುವುದೇ ಒಂದು ಕೆಲಸ. ಕಾಂಡೋಮ್‌ಗೆ ಅವನ ಒಪ್ಪಿಗೆ ಬೇಕು. ತೋಳಿನ ಕಡ್ಡಿ ಒತ್ತಿದರೆ ಬೆರಳಿಗೆ ಸಿಗುತ್ತದೆ. ಗರ್ಭಕೋಶದ ಸಾಧನದಿಂದ ಕೆಳಗಿಳಿಯುವ ದಾರ ಕೆಲವೊಮ್ಮೆ ಗೊತ್ತಾಗುತ್ತದೆ. ಗಿಡ್ಡ ಕತ್ತರಿಸಿ ಅಂತ ಕೇಳಬಹುದು. ಇಂಜೆಕ್ಷನ್ ಯಾವ ಗುರುತೂ ಬಿಡುವುದಿಲ್ಲ, ಮುಟ್ಟು ಏರುಪೇರಾಗುವುದೊಂದೇ ಸುಳಿವು. ಚಾರ್ಟಿನ ನಡುವೆ ಕೂತಿರುವ ಇಂಜೆಕ್ಷನ್ ಇಂಥ ಹೆಂಗಸಿನ ಪಟ್ಟಿಯಲ್ಲಿ ತುದಿಗೆ ಬರುತ್ತದೆ. ಚರ್ಮದ ಕೆಳಗೆ ತಾವೇ ಚುಚ್ಚಿಕೊಳ್ಳುವ ಬಗೆಯೂ ಇದೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿತು.

ಲೈಂಗಿಕ ರೋಗ ತಗುಲಬಹುದು ಎಂಬ ಅನುಮಾನ ಇದ್ದರೆ ಮಾತ್ರ ಲೆಕ್ಕ ಮತ್ತೆ ಬದಲು. ಎಚ್‌ಐವಿ ಮತ್ತಿತರ ಸೋಂಕು ತಡೆಯುವುದು ಇವೆಲ್ಲದರಲ್ಲಿ ಕಾಂಡೋಮ್ ಒಂದೇ.

ನಿಲ್ಲಿಸುವುದು ಯಾರ ಕೈಯಲ್ಲಿದೆ ಅನ್ನುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕಮ್ಮಿ ಮಾತಾಡುವ ವಿಷಯ. ಮಾತ್ರೆಯನ್ನು ನಾಳೆಯಿಂದ ಬಿಡಬಹುದು, ಯಾರನ್ನೂ ಕೇಳಬೇಕಿಲ್ಲ. ಕಡ್ಡಿ ತೆಗೆಸಲು ಇನ್ನೊಬ್ಬರ ಹತ್ತಿರ ಹೋಗಲೇಬೇಕು. ಅವರು "ಇನ್ನೂ ಮೂರು ತಿಂಗಳು ನೋಡಿ" ಅಂದರೆ?

2007ರಿಂದ 2011ರವರೆಗೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 9,256 ಹೆಂಗಸರಿಗೆ ಯಾವ ವಿಧಾನ ಬೇಕಾದರೂ ಉಚಿತ ಎಂದು ಕೊಟ್ಟು ನೋಡಿದರು. ನಾಲ್ವರಲ್ಲಿ ಮೂವರು ಕಡ್ಡಿ ಅಥವಾ ಗರ್ಭಕೋಶದ ಸಾಧನ ಆರಿಸಿದರು. ಅಂದರೆ ಖರ್ಚಿನ ತಡೆ ಎತ್ತಿ, ಕೂರಿಸಿಕೊಂಡು ವಿವರಿಸಿದರೆ ಚಾರ್ಟಿನ ಮೇಲ್ತುದಿಯವು ಹೆಂಗಸರಿಗೂ ಇಷ್ಟವೇ. ವರ್ಷದ ನಂತರವೂ ಮುಂದುವರಿಸಿದವರು ಅವುಗಳಲ್ಲಿ ನೂರಕ್ಕೆ 86, ಮಾತ್ರೆ ಮತ್ತಿತರ ಹಾರ್ಮೋನ್ ವಿಧಾನಗಳಲ್ಲಿ 55ರ ಆಸುಪಾಸು. ಇದನ್ನು ಓದಿದ ಆರೋಗ್ಯ ಇಲಾಖೆಗಳಿಗೆ ಖುಷಿಯಾಗುವುದು ಸಹಜ.

ಆದರೆ ಅದೇ ಸಾಧನಗಳ ಇನ್ನೊಂದು ಚರಿತ್ರೆಯೂ ಇದೆ. 1966ರಿಂದ ಡೆನ್ಮಾರ್ಕಿನ ಡಾಕ್ಟರುಗಳು ತಮ್ಮ ದೇಶದ ಅಧೀನದ ಗ್ರೀನ್‌ಲ್ಯಾಂಡಿನ ಮೂಲನಿವಾಸಿ ಇನ್ಯೂಟ್ ಹೆಂಗಸರಿಗೆ, ಶಾಲೆ ಹುಡುಗಿಯರಿಗೂ, ಗರ್ಭಕೋಶದ ಸಾಧನ ಹಾಕಿದರು. ಸುಮಾರು 4,500 ಮಂದಿಗೆ, ಹಲವರಿಗೆ ಕೇಳದೆ, ಹೇಳದೆ. ಡೆನ್ಮಾರ್ಕ್ ಕ್ಷಮೆ ಕೇಳಿದ್ದು 2025ರಲ್ಲಿ. ನಾರ್‌ಪ್ಲಾಂಟ್ ಎಂಬ ಆರು ಕಡ್ಡಿಯ ಹಳೆಯ ಸಾಧನಕ್ಕೆ ಅಮೆರಿಕದಲ್ಲಿ 1990ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ತಿಂಗಳೊಳಗೆ ಕ್ಯಾಲಿಫೋರ್ನಿಯಾದ ಒಬ್ಬ ನ್ಯಾಯಾಧೀಶರು ಒಬ್ಬ ತಾಯಿಗೆ ಶಿಕ್ಷೆಯ ಷರತ್ತಾಗಿ ಅದನ್ನು ಹಾಕಿಸಿಕೊಳ್ಳಲು ಆದೇಶ ಕೊಟ್ಟರು. ನೆನಪಿಡುವ ಗೋಜಿಲ್ಲ ಅನ್ನುವ ಗುಣವೇ ಇಲ್ಲಿ ತಿರುಗುಬಾಣ. ಅವಳು ನೆನಪಿಡಬೇಕಿಲ್ಲ ಅಂದರೆ ಅವಳು ಒಪ್ಪಬೇಕಿಲ್ಲ ಅಂತಲೂ ಆಗಿಬಿಡಬಹುದು. ಹಾಕುವ ಮೊದಲೇ "ಬೇಡ ಅಂದ ದಿನ ತೆಗೆದುಕೊಡುತ್ತೀರಾ?" ಎಂದು ಕೇಳುವ ಹೆಂಗಸನ್ನು ಅನುಮಾನದವಳು ಅನ್ನಬೇಡಿ.

ಆಪರೇಷನ್‌ನಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಹೆಂಗಸರ ಆಪರೇಷನ್ನೇ. ವಿಶ್ವಸಂಸ್ಥೆಯ 2019ರ ಲೆಕ್ಕದಲ್ಲಿ ಸುಮಾರು 22 ಕೋಟಿ ಹೆಂಗಸರು. ಅದು ವಾಪಸ್ ಬರದ ದಾರಿ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಆಪರೇಷನ್ ಆಗಿ 14 ವರ್ಷದೊಳಗೆ ಪಶ್ಚಾತ್ತಾಪ ಪಟ್ಟವರು, 30 ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 6. ಮೂವತ್ತರೊಳಗೆ ಮಾಡಿಸಿಕೊಂಡವರಲ್ಲಿ 20. ಚಿಕ್ಕ ವಯಸ್ಸಿನವರಿಗೆ ಆಪರೇಷನ್ ಬೇಡ ಅಂತ ಈ ಅಂಕಿ ಹೇಳುವುದಿಲ್ಲ, ಐವರಲ್ಲಿ ನಾಲ್ವರಿಗೆ ಪಶ್ಚಾತ್ತಾಪ ಆಗಲಿಲ್ಲವಲ್ಲ. ಹೆರಿಗೆ ನೋವಿನ ನಡುವೆ ಸಹಿ ಹಾಕಿಸಿಕೊಳ್ಳಬೇಡಿ ಅಂತ ಮಾತ್ರ ಹೇಳುತ್ತದೆ.

ಗಂಡಸರ ಪಾಲು ಎಲ್ಲಿ ಅಂತ ಕೇಳುವವರಿಗೆ: ಗಂಡಸರಿಗಾಗಿ ಹಾರ್ಮೋನ್ ಇಂಜೆಕ್ಷನ್ನಿನ ಪ್ರಯೋಗವೊಂದು 320 ಗಂಡಸರ ಮೇಲೆ ನಡೆದು, 2016ರಲ್ಲಿ ಅದರ ಫಲಿತಾಂಶ ಬಂತು. ಬಸಿರು ಚೆನ್ನಾಗಿಯೇ ತಡೆದಿತ್ತು. ಮನಸ್ಸಿನ ಏರುಪೇರು, ಇಂಜೆಕ್ಷನ್ ಜಾಗದ ನೋವು ಜಾಸ್ತಿ ಎಂದು ಸುರಕ್ಷತಾ ಸಮಿತಿ 2011ರಲ್ಲೇ ನಿಲ್ಲಿಸಿತ್ತು. ಗಂಡಸರು ನೋವು ತಡೆಯಲಿಲ್ಲ ಅಂತ ನಕ್ಕವರು ಬಹಳ. ಆದರೆ ಮುಕ್ಕಾಲು ಪಾಲು ಗಂಡಸರು ಸಿಕ್ಕರೆ ಬಳಸುತ್ತೇವೆ ಅಂದಿದ್ದರು. ಸದ್ಯಕ್ಕೆ ಅವರಿಗೆ ಇರುವುದು ಕಾಂಡೋಮ್ ಮತ್ತು ವಾಸೆಕ್ಟಮಿ, ಅಂದರೆ ಗಂಡಸರ ಆಪರೇಷನ್. ಹೊಟ್ಟೆ ಕೊಯ್ಯದೆ, ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುವ ವಾಸೆಕ್ಟಮಿ ಹೆಂಗಸಿನ ಆಪರೇಷನ್‌ಗಿಂತ ಸುಲಭ, ಅಪಾಯವೂ ಕಮ್ಮಿ.

ಗೆಳತಿ ಆ ದಿನ ಕಾಪರ್ ಟಿ ಹಾಕಿಸಿಕೊಂಡಳು. ಹಾರ್ಮೋನ್ ಇಲ್ಲ, ಮೈಗ್ರೇನ್‌ಗೆ ತೊಂದರೆ ಇಲ್ಲ, ಹತ್ತು ವರ್ಷ ಚಿಂತೆಯಿಲ್ಲ. ಚಾರ್ಟಿನಲ್ಲೂ ಮೇಲೆಯೇ ಇತ್ತು. ಆರು ತಿಂಗಳಲ್ಲಿ ಇಳಿಯುತ್ತದೆ ಅಂದಿದ್ದ ರಕ್ತ ಅವಳಿಗೆ ಇಳಿಯಲಿಲ್ಲ. ಎರಡು ವರ್ಷ ತಡೆದಳು. ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು, ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ತೆಗೆಸಿಬಿಟ್ಟಳು. ಅದು ಸೋಲು ಅಂತ ಅವಳಿಗೆ ಅನ್ನಿಸಿಲ್ಲ. "ಎರಡು ವರ್ಷ ಕೆಲಸ ಮಾಡ್ತು, ಈಗ ಸಾಕು" ಅಂದಳು.

ಕಳೆದ ತಿಂಗಳು ಅವಳ ಗಂಡ ವಾಸೆಕ್ಟಮಿ ಮಾಡಿಸಿಕೊಂಡರು. ಅದು ಕೂಡಲೇ ಕೆಲಸ ಶುರು ಮಾಡುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು, ಆಮೇಲೆ ವೀರ್ಯ ಪರೀಕ್ಷೆ. ಅಲ್ಲಿವರೆಗೆ ಕಾಂಡೋಮ್. ಪರೀಕ್ಷೆಯ ದಿನಾಂಕಕ್ಕೆ ಅವಳು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾಳೆ. ಈ ಸಲ ನೆನಪಿಟ್ಟುಕೊಳ್ಳಬೇಕಾದವರು ಅವರು, ಆದರೂ ಹಾಕಿದ್ದು ಅವಳೇ.